ಒಂದು ಚದರ ಗೋಡೆ

ಸವಾರ್‌ಲೈನ್ ರಸ್ತೆಯಲ್ಲಿ ಬಣ್ಣದಂಗಡಿಯ ಮೇಲೆ
ಹತ್ತಡಿ ಹನ್ನೆರಡಡಿಯ ಆಫೀಸು.
ಅಲ್ಲಿ ಕೂತು ಬೆಳಗಿನಿಂದ ನಾನು
ಎಲ್ಲೂ ಇಲ್ಲದ ಗೋಡೆಯೊಂದನ್ನು ಕಟ್ಟುತ್ತಿದ್ದೇನೆ.

ಅದಕ್ಕೆ ಊರಿಲ್ಲ, ಪಾಯವಿಲ್ಲ,
ಒಳಗು ಹೊರಗು ಅನ್ನುವುದಿಲ್ಲ.
ಬರೀ ನೂರು ಚದರಡಿ.
ಹೆಸರು: ಗೋಡೆ, ಜಂಬಿಟ್ಟಿಗೆ, ಒಂಬತ್ತಿಂಚು.
ಒಮ್ಮೆ ಸರಿಯಾಗಿ ಜೋಡಿಸಿಟ್ಟರೆ ಮುಗಿಯಿತು,
ಕುಂಸಿಯ ಅಂಗನವಾಡಿಗೂ ಇದೇ
ಆಯನೂರಿನ ಕೋಳಿಫಾರಮ್ಮಿಗೂ ಇದೇ;
ಉದ್ದ ಎತ್ತರ ಒತ್ತಿದರೆ
ಕಲ್ಲು ಮರಳು ಸಿಮೆಂಟು ಕೂಲಿ
ಒಂದರ ಬಾಲ ಹಿಡಿದು ಇನ್ನೊಂದು ಬರಬೇಕು.
ಮೊದಲ ಸಲ ಇಂಚಿನ ಜಾಗದಲ್ಲಿ ಅಡಿ ಬಿದ್ದು
ಒಂಬತ್ತಡಿ ದಪ್ಪದ ಗೋಡೆಯೆದ್ದಿತ್ತು,
ನಗರದ ಕೋಟೆಯೂ ನಾಚಬೇಕು.
ಅಳಿಸಿದೆ.

ಕಲ್ಲು ನೂರ ಹದಿಮೂರು.
ಸಿಮೆಂಟು ಎರಡು ಚೀಲ.
ಮರಳಿನಲ್ಲಿ ಮೊದಲ ಜಗಳ.
ಸೈಟಿನ ಲೆಕ್ಕ ಬಾಂಡ್ಲಿಯಲ್ಲಿ, ಸಾಫ್ಟ್‌ವೇರಿನದು ಘನ ಅಡಿಯಲ್ಲಿ.
ಒಂದು ಬಾಂಡ್ಲಿಗೆ ಎಷ್ಟು?
ಲಕ್ಕವ್ವ ಬೆಳಿಗ್ಗೆ ತುಂಬಿದರೆ ಗೋಪುರ,
ಊಟವಾದ ಮೇಲೆ ಅಂಚಿಗಿಂತ ಎರಡು ಬೆರಳು ಕೆಳಗೆ.
ಎರಡನ್ನೂ ಕೂಡಿಸಿ ಭಾಗಿಸಿ
ಹದಿನೈದು ಪಾಯಿಂಟ್ ಐದು ಎಂದು ಬರೆದೆ.
ಪಾಯಿಂಟಿನ ಆಚೆಗಿರುವ ಐದು ಲಕ್ಕವ್ವನ ಸುಸ್ತು.

ಆಮೇಲೆ ಆ ಖಾನೆ: ಪೋಲು, ಶೇಕಡಾ.
ಅಲ್ಲಿ ಮೊದಲೇ ಐದು ಕೂತಿತ್ತು,
ಕಲ್ಲು ಎಣಿಸಿದಷ್ಟೇ ಒಡೆಯುವ ದೇಶದಲ್ಲಿ
ಯಾರೋ ಕೂರಿಸಿದ ಐದು.

ಬಾಕಿ ಕೇಳಲು ಬಂದಿದ್ದ ಸವೇರ್ ಮೇಸ್ತ್ರಿ
ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪರದೆ ನೋಡಿದ.
"ಒಡೆದದ್ದೆಲ್ಲ ಪೋಲಲ್ಲ ಮಗಾ.
ಕಿಟಕಿ ಪಕ್ಕಕ್ಕೆ ಅರ್ಧ ಕಲ್ಲೇ ಬೇಕು.
ಹೊಸನಗರದಿಂದ ಬರೋ ಲಾರಿ
ರಿಪ್ಪನ್‌ಪೇಟೆ ಹಂಪಿನಲ್ಲೇ ಅರ್ಧ ಮಾಡಿ ಕೊಡುತ್ತೆ, ಕೂಲಿ ಕೇಳಲ್ಲ."
ಹಾಗಾದ್ರೆ ಮೂರು ಹಾಕಲಾ?
"ಹಾಕಬೇಡ. ಮೆದು ಕಲ್ಲು ಬರುತ್ತಲ್ಲ,
ಒಂದೊಂದನ್ನೂ ತಟ್ಟಿ ಕೇಳಬೇಕು.
ಮಡಕೆ ಸದ್ದು ಬಂದರೆ ಇಡು,
ಹಣ್ಣು ಹಲಸಿನ ಸದ್ದು ಬಂದರೆ ಆಚೆಗೆ."
ಅಂದವನೇ ಮೇಜಿನ ಮೇಲಿದ್ದ ಮಾದರಿ ಕಲ್ಲಿಗೆ
ಬೆರಳ ಗೆಣ್ಣಲ್ಲೇ ತಟ್ಟಿ
ಬಲಗಿವಿ ಬಗ್ಗಿಸಿದ.
ಎಡಗಿವಿಯನ್ನು ಹತ್ತು ವರ್ಷದ ಹಿಂದೆಯೇ
ಟೈಲ್ಸ್ ಕಟ್ಟರಿಗೆ ಕೊಟ್ಟಾಗಿದೆ.

ಕೇಳುವುದಕ್ಕೆ ಖಾನೆಯಿಲ್ಲ.
ಸಾಮಾನು, ಕೂಲಿ, ಯಂತ್ರ, ಇತರೆ, ಅಷ್ಟೇ.
ಐದನ್ನು ಹಾಗೇ ಬಿಟ್ಟೆ: ನೂರ ಹತ್ತೊಂಬತ್ತು ಕಲ್ಲು.
ಕಲ್ಲಿಗೆ ಎರಡು ಸೆಕೆಂಡು.
ಕೂಲಿಯ ಕೆಳಗೆ ಹೊಸ ಸಾಲು ತೆರೆದೆ:
ತಟ್ಟಿ ಕೇಳುವುದು, ಚದರಕ್ಕೆ ನಾಲ್ಕು ನಿಮಿಷ.

ಸಂಜೆ ತೀರ್ಥಪ್ಪನವರು ಕುಂಸಿಯ ಎಸ್ಟಿಮೇಟು ತಿರುವಿದರು.
ಹದಿನೆಂಟು ಚದರ.
"ಇದೇನಮ್ಮ ಶಾಕಿರಾ,
ಒಂದು ಗಂಟೆ ಹನ್ನೆರಡು ನಿಮಿಷ ಬರೀ ಕಲ್ಲು ತಟ್ಟೋಕಾ?
ನೂರೈವತ್ತು ರೂಪಾಯಿ?"
ಕೆಂಪು ಪೆನ್ನಿನ ಕ್ಯಾಪು ತೆಗೆದರು.
"ಏನು ಸವೇರ, ಇದೆಲ್ಲ ಬೇಕಾ?"
ಮಾತು ಎಡಗಡೆಯಿಂದ ಬಂತು, ಅವನಿಗೆ ಮುಟ್ಟಲಿಲ್ಲ.
"ಹೂಂ ಸಾರ್" ಅಂದ,
ಬಾಕಿಯ ಮಾತೇ ಇರಬೇಕೆಂದು.
ಅಷ್ಟರಲ್ಲಿ ಕರೆಂಟು ಹೋಯಿತು.
ಸಾಲು ಉಳಿಯಿತು.

ಅದಾಗಿ ಐದು ತಿಂಗಳು.
ಒಮ್ಮೆ ಜೋಡಿಸಿದ ಗೋಡೆಯನ್ನು
ಯಾರೂ ಬಿಚ್ಚಿ ನೋಡುವುದಿಲ್ಲ.
ಆಯನೂರಿನ ಕೋಳಿಫಾರಮ್ಮಿನಾತ ಮೊನ್ನೆ
ಕೊನೆಯ ಅಂಕಿಯ ಮೇಲೆ ಚೌಕಾಸಿ ಮಾಡಿ
ಸಾವಿರ ಇಳಿಸಿಕೊಂಡು, ಚಹಾ ಕುಡಿದು ಹೋದ.
ಮೂವತ್ತು ಚದರಕ್ಕೆ
ಎರಡು ಗಂಟೆ ಕಿವಿಗೊಟ್ಟ ದುಡ್ಡು
ತಾನು ಕಟ್ಟಿದ್ದೇನೆಂದು ಅವನಿಗೆ ಗೊತ್ತಿಲ್ಲ.
ನನಗೂ ಒಂದು ಗೊತ್ತಿಲ್ಲ:
ಅಲ್ಲಿ ಕಲ್ಲಿಟ್ಟ ಹೊಸ ಹುಡುಗರು
ಇಯರ್‌ಫೋನ್ ಹಾಕಿಕೊಂಡೇ ಇಟ್ಟರೋ
ತೆಗೆದು ಇಟ್ಟರೋ.