ಹೇರು

ಮೌಲಾಲಿ ಸೈಕಲ್ಲನ್ನು ತಲೆಕೆಳಗು ಮಾಡಿ
ಹಿಂದಿನ ಗಾಲಿಯ ಅಚ್ಚಿನ ಹತ್ತಿರ ಬೆರಳಾಡಿಸಿದ.
"ತೂತೇ ಇಲ್ಲಲ್ರೀ ಅಕ್ಕಾರ, ಕ್ಯಾರಿಯರ್ ಎಲ್ಲಿ ಬಿಗೀಲಿ?"

ನಿಜ. ಇದು ಹೊರಲು ಹುಟ್ಟಿದ ಸೈಕಲ್ಲಲ್ಲ.
ಕ್ರೀಡಾ ಹಾಸ್ಟೆಲಿನಲ್ಲಿ ನಾವು ಕಲಿತದ್ದು ಒಂದೇ ವಿದ್ಯೆ, ಕಳೆಯುವುದು.
ಬೆಲ್ಲು, ಮಡ್‌ಗಾರ್ಡು, ಸ್ಟ್ಯಾಂಡು ಕಳೆದೆವು,
ಜಡೆ ಕತ್ತರಿಸಿಕೊಂಡೆವು.
ಬಾಟಲಿಯ ಕೊನೆಯ ಗುಟುಕನ್ನೂ
ಗಿರಿಮಲ್ಲ ಸರ್ ಕೊನೆಯ ಸುತ್ತಿಗೆ ಮುಂಚೆ ಚೆಲ್ಲಿಸುತ್ತಿದ್ದರು.
ಸಿಂದಗಿ ರಸ್ತೆಯಲ್ಲಿ ನಸುಕಿನ ಐದಕ್ಕೆ
ನಾನು ನಲವತ್ತೇಳು ಕೆಜಿ, ಸೈಕಲ್ಲು ಎಂಟೂವರೆ.
ನೆರಳಿಗೂ ತೂಕ ಇದ್ದೀತೆಂದು ನನಗೆ ಅನುಮಾನ.

ಈಗ ವಯಸ್ಸು ನಲವತ್ತೊಂದು, ತೂಕ ಕೇಳಬೇಡಿ.
ಕೊಲ್ಹಾರದ ಸೇತುವೆ ದಾಟಿ ಬೀಳಗಿ, ಆಮೇಲೆ ಬಾದಾಮಿ,
ಐದು ದಿನ, ಒಬ್ಬಳೇ,
ಯಾವ ಗಡಿಯಾರಕ್ಕೂ ಲೆಕ್ಕ ಕೊಡದೆ.

"ಮದ್ಲ ಏನ್ ಒಯ್ತೀರಿ ಹೇಳ್ರಿ, ಆಮ್ಯಾಲ ಕ್ಯಾರಿಯರ್ ಮಾತು."
ಅವನಿಗೆ ಗೊತ್ತು. ಹಾಲಿನ ಕ್ಯಾನಿಗೆ ಕೊಕ್ಕೆ ಬೇಕು,
ಸಿಲಿಂಡರಿಗೆ ಅಗಲ,
ಮೀನಿನವನಿಗೆ ನೀರು ಸೋರಲು ಸಂದು.
ನನ್ನ ಚೀಟಿ ಓದಿದೆ.
"ಅರ್ಧಾ ಮನೀನ ಐತಿ ಇದ್ರಾಗ" ಅಂದವನೇ ಚಹಾ ತರಿಸಿದ.

ಮೊಳೆಗೆ ತೂಗುತ್ತಿದ್ದ ಅಲ್ಯೂಮಿನಿಯಂದು ಹಗುರ,
ಮುರಿದರೆ ಮುಳವಾಡದಲ್ಲಿ ಬೆಸೆಯುವವರಿಲ್ಲ.
ಸೀಟಿನ ಕೊಳವೆಯನ್ನಷ್ಟೇ ಕಚ್ಚಿ ನಿಲ್ಲುವ ಇನ್ನೊಂದು
ಹತ್ತು ಕೆಜಿ ಲಿಂಬೆಹಣ್ಣಿಗೇ ತಲೆಬಾಗುತ್ತದಂತೆ.
ಅಟ್ಟದಿಂದ ಕೆಳಗಿಳಿಸಿದ ಕಬ್ಬಿಣದ್ದು ಕಪ್ಪು, ಒರಟು, ಅವನಪ್ಪನ ಅಳತೆ.
"ಮುರಿಯಂಗಿಲ್ಲ. ಮುರದ್ರ ಯಾವ ಕಂಬಾರನೂ ಹಚ್ಚಿಕೊಡ್ತಾನ."
ಒಂದು ಕೆಜಿ ನೂರು ಗ್ರಾಂ!
ನನ್ನೊಳಗಿನ ಹದಿನೇಳರ ಹುಡುಗಿ ಚೀರಿದಳು.
ತೂತಿಲ್ಲದಲ್ಲಿ ಕ್ಲಾಂಪು ಹಾಕಿದ,
ಬಣ್ಣ ಕೆರೆಯದಂತೆ ಒಳಗೆ ಹಳೇ ಟ್ಯೂಬಿನ ತುಂಡು.

ಚೀಲಕ್ಕೆ, ಟಾಂಗಾದ ಜೀನು ಹೊಲಿಯುವ
ಬಂದೇನವಾಜ ಚಾಚಾನ ಹತ್ತಿರ ಕಳಿಸಿದ.
ಮುದುಕ ಸೈಕಲ್ಲನ್ನು ಕುದುರೆಯಂತೆ ಸುತ್ತಿ ನೋಡಿದ,
ನನ್ನನ್ನು ಹತ್ತಿಸಿ ಪೆಡಲು ತಿರುಗಿಸಲು ಹೇಳಿ
ಹಿಮ್ಮಡಿ ಬಂದು ಮುಟ್ಟುವಲ್ಲಿ ಸೀಮೆಸುಣ್ಣ ಎಳೆದ.
"ಚೀಲ ಇದರ ಹಿಂದ ಇರಬೇಕು.
ಇಲ್ಲಂದ್ರ ಊರು ಮುಟ್ಟೂತನಾ ಒದೀತಿ, ಮಗಳ."
ಆಮೇಲೆ ಸೂಜಿಗೆ ಮೇಣ ಹಚ್ಚುತ್ತ,
"ಇದಕ್ಕ ಹೇರು ಅಂತಾರ.
ನಮ್ಮಜ್ಜ ಎತ್ತಿನ ಮ್ಯಾಲ ಉಪ್ಪು ಹೇರತಿದ್ದ.
ಎಡಕ ಎಷ್ಟೋ ಬಲಕ ಅಷ್ಟು. ಎತ್ತಿಗೆ ಸುಳ್ಳು ತಿಳೀತದ."
ಲಾರಿಯ ಹಳೇ ತಾಡಪತ್ರಿ, ಅಂಚಿಗೆ ಚರ್ಮ, ಹಿತ್ತಾಳೆ ಬಕ್ಕಲು.
ಒಂದರ ಮೇಲೆ ಲಾರಿ ನಂಬರಿನ ಕೊನೆಯೆರಡಂಕಿ ಉಳಿದಿತ್ತು.
ಇರಲಿ ಬಿಡು ಚಾಚಾ ಅಂದೆ.

ತಂಗಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ.
ಎಡಕ್ಕೆ ಪಾನ, ಪಂಪು, ಎರಡು ಟ್ಯೂಬು,
ಬಲಕ್ಕೆ ಕಟಿರೊಟ್ಟಿ, ಶೇಂಗಾ ಹಿಂಡಿ, ಕೌದಿ.
ಬಲ ಜಗ್ಗಿತು. ಕೌದಿ ತೆಗೆದೆ.
ರಾತ್ರಿ ಎದ್ದು ಮತ್ತೆ ಇಟ್ಟೆ.
ರೊಟ್ಟಿಗಂಟು ಎಡಕ್ಕೆ ಹೋಯಿತು, ಪಾನದ ಪಕ್ಕ.

ಮೊದಲ ಫರ್ಲಾಂಗು ಕುಡಿದವಳ ಹಾಗೆ.
ಎದ್ದು ನಿಂತು ತುಳಿದರೆ ಹಿಂಭಾಗ ಬೇರೆಯೇ ಊರಿಗೆ ಹೊರಡುತ್ತದೆ.
ಕೂತೇ ತುಳಿಯಬೇಕು, ಸಾವಕಾಶ.
ಬಯಲಲ್ಲಿ ಪಡುವಣ ಗಾಳಿ,
ಒಮ್ಮೆ ನನ್ನನ್ನೆತ್ತಿ ತೊಗರಿ ಹೊಲಕ್ಕೆ ಎಸೆದದ್ದೂ ಇದೇ,
ಈಗ ಬಲಚೀಲವನ್ನು ತಟ್ಟಿ ನೋಡಿತು,
ಒಳಗೇನಿದೆ ಅನ್ನುವಂತೆ.
ದಾರಿಯುದ್ದಕ್ಕೂ ಜನರದ್ದೂ ಅದೇ ಪ್ರಶ್ನೆ: "ಏನ್ ಮಾರ್ತೀರಿ?"
ಏನೂ ಇಲ್ಲ.
"ಮತ್ತ ಇಷ್ಟೆಲ್ಲಾ?"

ಕೊಲ್ಹಾರದಲ್ಲಿ ಮೊಸರಿನ ಗಡಿಗೆ ಕಂಡು ಇಳಿದೆ.
ಸೈಕಲ್ಲು ನಿಲ್ಲುತ್ತಿಲ್ಲ.
ಇಷ್ಟೆಲ್ಲ ಆರಿಸಿ ಸ್ಟ್ಯಾಂಡು ಕೇಳುವುದನ್ನೇ ಮರೆತಿದ್ದೆ.
ಮಾರುವವಳು ಎದ್ದು ಬಂದಳು, ಹ್ಯಾಂಡಲ್ ಹಿಡಿದು
ನನ್ನ ಕೈಗೆ ಗಡಿಗೆ ಕೊಟ್ಟಳು.
ರಸ್ತೆ ಬದಿ ಕೂತು ತಿಂದೆ.
"ಭಾಳ ವಜ್ಜಿ ಐತಲ್ಲವ್ವಾ" ಎಂದಳು.
ಹೌದು ಎಂದೆ,
ಯಾರೋ ಹೊಗಳಿದಂತೆ.