ಕೂಡುವ ಲೆಕ್ಕ

ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಎಂಟಕ್ಕೊಮ್ಮೆ
ಗ್ಲಫೀರಾ ದಂಡೆಗಿಳಿಯುತ್ತಾಳೆ.
ಬಣ್ಣ ಹೋದ ಅಳತೆಗೋಲು, ಹಗ್ಗ ಕಟ್ಟಿದ ಉಷ್ಣಮಾಪಕ,
ಕೋಟಿನ ಒಳಜೇಬಿನಲ್ಲಿ ಪೆನ್ಸಿಲು.
ಶಾಯಿ ಈ ಚಳಿಗೆ ಹೆಪ್ಪುಗಟ್ಟುತ್ತದೆ,
ಸೀಸಕ್ಕೆ ಆ ಚಿಂತೆಯಿಲ್ಲ.

ಬೀಸ್ಕ್ ಪಟ್ಟಣದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ.
ಕೊನೆಯ ನಿಲ್ದಾಣದಲ್ಲಿ ಇಳಿಯುವವರು ಇಬ್ಬರೋ ಮೂವರೋ,
ಮೀನಿಗೆ ಬಂದವರು,
ಇಲ್ಲವೇ ನಿದ್ದೆಹೋಗಿ ತಮ್ಮೂರು ದಾಟಿಬಂದವರು.

ಬಲಕ್ಕೆ ಬೀಯಾ. ಬೆಟ್ಟದ ಸರೋವರ ಬಿಟ್ಟು ಬಂದ ನೀರು,
ತಳದ ಕಲ್ಲು ಎಣಿಸಬಹುದು.
ಎಡಕ್ಕೆ ಕಾತುನ್. ಹಿಮದಡಿ ಬಂಡೆ ಬೀಸಿದ ಹಿಟ್ಟು ಹೊತ್ತು
ಬೇಸಿಗೆಯಿಡೀ ಅಕ್ಕಚ್ಚಿನ ಬಣ್ಣ.
ಕೂಡಿದ ಮೇಲೆ ಹೆಸರು ಓಬ್.
ಅಷ್ಟು ದೂರ ನಡೆದುಬಂದ ಎರಡು ನದಿಗೆ
ಸಿಕ್ಕಿದ್ದು ಒಂದು ತೇಗಿನಷ್ಟು ಹೆಸರು.

ಕೂಡಿದ ಮೇಲೂ ಬಹುದೂರ
ಒಂದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಹರಿಯುತ್ತವೆ,
ನಡುವೆ ಹೊಲಿಗೆ ಹಾಕಿದಂಥ ಗೆರೆ.
ದೋಣಿಯ ಪಂಕ್ರಾತ್, ಅವಳ ಗಂಡ, ಬದುಕಿದ್ದಾಗ
ಆ ಗೆರೆಯ ಮೇಲೆ ಹುಟ್ಟು ನಿಲ್ಲಿಸಿ
ಎರಡು ಕಡೆಗೂ ಒಂದೊಂದು ಕೈ ಅದ್ದುತ್ತಿದ್ದ.
"ಇವಳು ತಣ್ಣಗೆ, ಇವಳು ಇನ್ನೂ ತಣ್ಣಗೆ"
ಎಂದಷ್ಟೇ ಹೇಳುತ್ತಿದ್ದ.

ಗ್ಲಫೀರಾಳ ಭಾಷೆಯಲ್ಲಿ ಎರಡೂ ಹೆಣ್ಣು.
ಸೊಸೆ ಎರ್ಕೆಲೆಯ್ ಅಲ್ಟಾಯ್ ಕಣಿವೆಯವಳು,
ಕಾತುನ್ ಪಕ್ಕದ ಊರಿಂದ ಬಂದವಳು, ಒಪ್ಪುವುದಿಲ್ಲ.
"ಬೀಯ್ ಅಂದರೆ ಒಡೆಯ, ಕಾತುನ್ ಅಂದರೆ ಒಡತಿ.
ಅಪ್ಪನ ಕೋಟೆಯಿಂದ ಓಡಿಬಂದಳು, ಬಂಡೆ ಉರುಳಿಸಿದರೂ ನಿಲ್ಲಲಿಲ್ಲ."
"ನನ್ನ ದಫ್ತರಿನಲ್ಲಿ ಅದಕ್ಕೆ ಕಲಮಿಲ್ಲ" ಎಂದಳು ಅತ್ತೆ.
ಆ ಚಳಿಗಾಲ ಒಂದೇ ಒಲೆ, ಎರಡು ಚಹಾ:
ಒಂದಕ್ಕೆ ಸಕ್ಕರೆ; ಒಂದಕ್ಕೆ ಉಪ್ಪು, ಹಾಲು,
ಮೇಲೊಂದು ಚಮಚ ಹುರಿಹಿಟ್ಟು.
ಮಗ ಯೆಲಿಸೇಯ್ ಎರಡನ್ನೂ ಕುಡಿದು
ಯಾವುದನ್ನೂ ಹೊಗಳದೆ ಕೆಲಸಕ್ಕೆ ಹೋಗುತ್ತಿದ್ದ.

ದಫ್ತರಿನ ಕಥೆ ಬೇರೆ.
ಮೇಲಿನ ಎರಡು ಠಾಣೆಗಳ ಅಂಕಿ ಫೋನಿನಲ್ಲಿ ಬರುತ್ತದೆ,
ಬೀಯಾ ಇಷ್ಟು, ಕಾತುನ್ ಇಷ್ಟು.
ಕೂಡಿದರೆ ಓಬ್ ಇಷ್ಟಿರಬೇಕು.
ಇರುವುದಿಲ್ಲ.
ನಲವತ್ತೊಂದು ವರ್ಷ, ಒಂದು ದಿನವೂ.
ಒಮ್ಮೆ ಬೊಗಸೆ ಹೆಚ್ಚು, ಒಮ್ಮೆ ಬೊಗಸೆ ಕಡಿಮೆ.
ಷರಾದಲ್ಲಿ ಅವಳು ಬರೆದದ್ದು: ಮರಳು ಕುಡಿದಿದೆ.
ಇನ್ನೊಮ್ಮೆ: ದನ ಕುಡಿದಿವೆ.
ಪಂಕ್ರಾತ್ ಸತ್ತ ವಾರ ಷರಾ ಖಾಲಿ.
ಅಂಕಿ ಮಾತ್ರ ಇದೆ, ಎರಡು ಹೊತ್ತಿನದೂ.

ಏಪ್ರಿಲ್. ರಾತ್ರಿಯಿಡೀ ಹಿಮದ ಹಲಗೆ ಸಿಡಿದು
ಮಂಚದ ಕಾಲು ಕೂಡ ಅದುರಿತ್ತು.
ಬೆಳಿಗ್ಗೆ ಮೂರನೆಯ ಮೆಟ್ಟಿಲಲ್ಲಿ ಗ್ಲಫೀರಾ ಜಾರಿದಳು.
ಪಾದ ಉಳುಕಿ, ಅಲ್ಲೇ ಕೂತು, ಮನೆಯತ್ತ ಕೂಗಿದಳು.
ಕಾಲು ನೋಡಲು ಬಗ್ಗಿದ ಸೊಸೆಗೆ
"ಕಾಲು ಎಲ್ಲಿಗೂ ಹೋಗುವುದಿಲ್ಲ.
ಎಂಟು ಗಂಟೆ ಹೋಗುತ್ತದೆ. ಕೋಲು ನೋಡು."

ಎರ್ಕೆಲೆಯ್ ಇಳಿದಳು. ಮನೆಯಷ್ಟೆತ್ತರದ ಹಲಗೆಗಳು
ಒಂದರ ಹೆಗಲೇರಿ ಒಂದು ಹೋಗುತ್ತಿದ್ದವು,
ಒಂದರ ಮೇಲೆ ಯಾರದೋ ಮೀನಿನ ಕುರ್ಚಿ.
ಓದಿ ಕೂಗಿದಳು. ಅತ್ತೆ ತಿರುಗಿ ಕೇಳಿದಳು.
ಮತ್ತೆ ಓದಿದಳು. ಅದೇ ಅಂಕಿ.
"ಬರಿ."

ಅಂದಿನಿಂದ ದಫ್ತರಿನಲ್ಲಿ ಎರಡು ಕೈಬರಹ.
ಒಂದು ಬೇಲಿಗೂಟದ ಹಾಗೆ ನೆಟ್ಟಗೆ,
ಇನ್ನೊಂದು ಇಳಿಜಾರಿಗೆ ವಾಲಿದ್ದು.
ಆ ದಿನದ ಮೊತ್ತವೂ ತಪ್ಪಿತ್ತು, ಸಾಕಷ್ಟು ಕಡಿಮೆ.
ಎರಡು ಸಲ ಕೂಡಿಸಿ, ಬೆರಳು ಮಡಿಚಿ ಮತ್ತೊಮ್ಮೆ ಕೂಡಿಸಿ
ಸೊಸೆ ಷರಾದಲ್ಲಿ ಬರೆದಳು:
ಉಳಿದವರು ದಾರಿಯಲ್ಲಿದ್ದಾರೆ.

ಗ್ಲಫೀರಾ ಕನ್ನಡಕ ಏರಿಸಿ ಓದಿದಳು.
ರಬ್ಬರು ಕೈಯಲ್ಲೇ ಇತ್ತು.
ಸ್ವಲ್ಪ ಹೊತ್ತು ಅದನ್ನು ಮೇಜಿನ ಮೇಲೆ ಉರುಳಿಸಿ,
ಊದಿದ ಕಾಲನ್ನು ಬಕೆಟ್ಟಿಗಿಳಿಸಿ,
"ನಿನ್ನ ಆ ಉಪ್ಪಿನದು ಸ್ವಲ್ಪ ಇದೆಯೇ" ಎಂದಳು.

ಹೊರಗೆ ನೀರು ಒಂದೇ ಸಮನೆ
ಉತ್ತರಕ್ಕೆ ಹೋಗುತ್ತಿತ್ತು.