ಎರಡನೆಯ ಕಿಂಡಿ

ಶುಕ್ರವಾರ ನಾಲ್ಕರ ತನಕ ಸೂರ್ ಪೇಟೆಗೆ ನಿದ್ದೆ.
ನಮ್ಮಲ್ಲಿ ಸೂರು ಅಂದರೆ ಮಾಡಿನ ಅಂಚು,
ಇಲ್ಲಿ ಸಮುದ್ರದ್ದು.
ಶಟರ್ ಅರ್ಧ ಇಳಿಸಿ, ಏಸಿ ಇಪ್ಪತ್ತನಾಲ್ಕಕ್ಕಿಟ್ಟು
ಹೆಂಗಸರ ವಿಭಾಗದ ಪರದೆಯ ಹಿಂದೆ ಕೂತಿದ್ದೇನೆ
ಕ್ಯಾಮರಾಕ್ಕೆ ಹೊಸ ಬುದ್ಧಿ ತುಂಬಲು.

ಕಂಪೆನಿಯ ಸೂಚನೆ ಒಂದೂವರೆ ಪುಟ.
ಬ್ಯಾಟರಿ ತುಂಬಿರಲಿ. ಕಾರ್ಡು ಖಾಲಿಯಿರಲಿ.
ಫೈಲನ್ನು ಯಾವ ಕೋಣೆಯ ಒಳಗೂ ಇಡಬೇಡಿ,
ಹೊರಗೆ ಜಗಲಿಯಲ್ಲೇ ಇಡಿ.
ಜಗಲಿ ಎಂದದ್ದು ನಾನು, ಅವರು ಬೇರು ಎನ್ನುತ್ತಾರೆ.
ನಡುವೆ ಆಫ್ ಮಾಡಬೇಡಿ. ಬಾಗಿಲು ತೆರೆಯಬೇಡಿ.
ಕೊನೆಗೆ, ಹೊಸತೇನು ಎಂಬಲ್ಲಿ ಒಂದೇ ಸಾಲು:
ಮುಖ ಗುರುತಿಸುವಲ್ಲಿ ಸುಧಾರಣೆ.

ನಗು ಬಂತು.
ಹನ್ನೊಂದು ವರ್ಷದಿಂದ ನಾನು ಇಲ್ಲಿ ಸಂಬಳ ಎಣಿಸುವುದು
ಮುಖ ಮರೆಯುವುದಕ್ಕೆ.

ಮದುವೆ ಹಾಲಿನ ಬಾಗಿಲಲ್ಲೇ ಎಲ್ಲರ ಫೋನಿನ ಕಣ್ಣಿಗೆ
ಕೆಂಪು ಸ್ಟಿಕ್ಕರು ಅಂಟಿಸುತ್ತಾರೆ.
ಒಳಗೆ ತೆರೆದ ಕಣ್ಣು ನನ್ನದೊಂದೇ.
ಅಬಾಯಾ ಕಳಚಿದ ಮುನ್ನೂರು ಹೆಂಗಸರು, ಲೋಬಾನದ ಹೊಗೆ,
ಕುಣಿಯುವ ಅಜ್ಜಿಯರು, ಹಸಿರುಟ್ಟ ಮದುಮಗಳು.
ರಾತ್ರಿ ಒಂದೂವರೆಗೆ ಕಾರ್ಡು ಕಳಚಿ
ಹುಡುಗಿಯ ತಾಯಿಯ ಅಂಗೈಗಿಡಬೇಕು.
ಆಕೆ ಅದನ್ನು ತಲೆವಸ್ತ್ರದ ತುದಿಗೆ ಗಂಟು ಹಾಕುತ್ತಾಳೆ,
ಬಸ್ಸಿನ ಚಿಲ್ಲರೆಯ ಹಾಗೆ.
ಪ್ರತಿ ನನ್ನಲ್ಲಿಲ್ಲ. ನೆನಪೂ ಇಲ್ಲ ಎಂದು ಮಾತು.

ನಿನ್ನೆಯೂ ಕೊಟ್ಟೆ. ಉಮ್ ಖಲ್ಫಾನ್ ಎರಡು ಗಂಟು ಹಾಕಿದಳು.

ಈಗ ಖಾಲಿ ಕಾರ್ಡು ಹಾಕಲೆಂದು ಎರಡನೆಯ ಕಿಂಡಿ ತೆರೆದರೆ
ಅಲ್ಲೊಂದು ಕೂತಿದೆ, ಗೇಣಿ ಕೊಡದ ಒಕ್ಕಲಿನ ಹಾಗೆ.
ಮೊದಲನೆಯದು ತುಂಬಿ ಇದಕ್ಕೆ ಉಕ್ಕಿದ್ದು,
ನಲವತ್ತೊಂದು ಚಿತ್ರ.

ಫಾರ್ಮ್ಯಾಟ್? ಎಲ್ಲವೂ ಅಳಿಯುತ್ತದೆ.
ಹೌದು. ಬೇಡ.
ಹೌದಿನ ಮೇಲೆ ಹೆಬ್ಬೆರಳು ಎಷ್ಟು ಹೊತ್ತು ಇತ್ತೋ.
ಅಳಿಸಿದರೆ ಯಾರಿಗೂ ತಿಳಿಯದು,
ಮಗಳ ಮದುವೆಯ ಕೊನೆಯ ಅರ್ಧ ಗಂಟೆ ಎಲ್ಲಿ ಎಂದು
ಉಮ್ ಖಲ್ಫಾನ್ ಕೇಳುವ ತನಕ.
ಒಂದನ್ನು ನೋಡಿದೆ. ಒಂದೇ.
ಥುರಯ್ಯಾ, ನಮ್ಮ ಪಂಚಾಂಗದ ಕೃತ್ತಿಕೆ,
ಚಪ್ಪಲಿ ಕಳಚಿ, ಬೊಬ್ಬೆಯೆದ್ದ ಹಿಮ್ಮಡಿಯನ್ನು
ತಂಗಿಯ ಮಡಿಲಿಗಿಟ್ಟು
ಬಾಯಿಗೆ ಕೈ ಅಡ್ಡವಿಡದೆ ಆಕಳಿಸುತ್ತಿದ್ದಳು.

ಕಾರ್ಡನ್ನು ಲಕೋಟೆಗೆ ಹಾಕಿ, ಎಂಜಲು ಹಚ್ಚಿ ಮುಚ್ಚಿದೆ.

ಡ್ರಾಯರಿನ ಮೂಲೆಯಲ್ಲಿ ಹಳೆಯ ಎರಡು ಜೀಬಿಯದೊಂದು ಸಿಕ್ಕಿತು,
ವೀಸಾ ಫೋಟೋಗಳದು. ನೀಲಿ ಹಿನ್ನೆಲೆ, ಬಿಗಿದ ತುಟಿ,
ಮರಳಿ ಹೋದವರು, ಹೋಗದವರು.
ಅದನ್ನು ಅಳಿಸುವಾಗ ಕೈ ತಡೆಯಲೇ ಇಲ್ಲ.
ತಡೆಯಲಿಲ್ಲವಲ್ಲ ಎಂದು ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮೊದಲ ಸಲ ಫೈಲು ಒಳಕೋಣೆಗೆ ಬಿದ್ದು
ಕ್ಯಾಮರಾ ಗುರುತೇ ಹಿಡಿಯಲಿಲ್ಲ.
ಮತ್ತೆ ತೆಗೆದು ಜಗಲಿಗಿಟ್ಟೆ.
ಒಂದು ಚುಕ್ಕಿ ಎರಡರಿಂದ ಒಂದು ಚುಕ್ಕಿ ಮೂರಕ್ಕೆ. ಹೌದು.
ಬಿಳಿ ಪಟ್ಟಿ ಬಸವನಹುಳುವಾಗಿ ತೆವಳಿತು.
ಐದು ನಿಮಿಷ ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ,
ಮುಟ್ಟಿದರೆ ಇಟ್ಟಿಗೆಯಾಗುತ್ತದಂತೆ.
ಹೊರಗೆ ಯಾರೋ ಶಟರ್ ತಟ್ಟಿದರು, ಬೈದರು, ಹೋದರು.
ನಾನು ಕೆಮ್ಮಲೂ ಇಲ್ಲ.

ಕಣ್ಣು ಬಿಟ್ಟಿತು. ಇವತ್ತು ಯಾವ ದಿನ ಎಂದು ಕೇಳಿತು, ಹೇಳಿದೆ.
ಗೋಡೆಯತ್ತ ಹಿಡಿದೆ.
ಹಳದಿ ಚೌಕ ಅತ್ತಿತ್ತ ಅಲೆದು
ಮೂರು ತೂತಿನ ಪ್ಲಗ್ಗಿನ ಮೇಲೆ ಹೋಗಿ ಕೂತಿತು.
ಶೀರ್ಷಾಸನ ಹಾಕಿದ ಮುಖ:
ಮೇಲೆ ಬಾಯಿ, ಕೆಳಗೆ ಕಣ್ಣೆರಡು.
ಇಷ್ಟು ಚುರುಕು ಬೇಡ ಮಾರಾಯ್ತಿ, ಎಂದೆ.

ಮಗ್ರಿಬ್ ಆದ ಮೇಲೆ ಲಕೋಟೆ ಕೊಡಲು ಹೋದೆ.
ಉಮ್ ಖಲ್ಫಾನ್ ನೋಡಿದೆಯಾ ಎಂದು ಕೇಳಲಿಲ್ಲ.
ಅಂಟಿದ ಅಂಚಿನ ಮೇಲೆ ಉಗುರು ಎಳೆದಳು, ಅಷ್ಟೆ.
ಕಹ್ವಾ ಸುರಿದಳು.
ಬಟ್ಟಲು ಅಲ್ಲಾಡಿಸಿದರೆ ಸಾಕು ಎಂದರ್ಥ,
ಹನ್ನೊಂದು ವರ್ಷದ ಅಭ್ಯಾಸ.
ಒಳಗೆಲ್ಲೋ ಮದುಮಗಳ ತಂಗಿ ಜೋರಾಗಿ ನಕ್ಕಳು.
ಅಲ್ಲಾಡಿಸಲು ಮರೆತೆ.
ನಾಲ್ಕನೆಯ ಬಟ್ಟಲು. ಐದನೆಯದು.